ರಾಜೀನಾಮೆಯ ದಿನ

ಹೋಯ್-ಕಿಯ ಕತ್ತರಿ ಎರಡನೇ ಹುರಿಗೆ ಬಂದಾಗ ಮೋಕ್ ಅಜ್ಜಿ ಬ್ಯಾನರಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬ್ಯಾನರಿನಲ್ಲಿ ಹೋಯ್-ಕಿಯ ನಗುಮುಖ, ಕೆಳಗೆ ಅವಳ ಕೌನ್ಸಿಲರ್ ಕಚೇರಿಯ ಫೋನ್ ನಂಬರ್.

"ಬಿಡಿ ಅಜ್ಜಿ. ಸರ್ಕಾರಕ್ಕೆ ನಿಷ್ಠೆಯ ಹೊಸ ಪ್ರಮಾಣವಚನ ತಗೊಂಡ್ರೂ, ವಿರೋಧಿ ಅಂತ ನನ್ನನ್ನ ಅನರ್ಹ ಮಾಡ್ತಾರಂತೆ. ಅದಕ್ಕೇ ಬೆಳಿಗ್ಗೆ ರಾಜೀನಾಮೆ ಕೊಟ್ಟೆ."

"ಅದು ಲಿಫ್ಟಿಗೆ ಗೊತ್ತಾ? ಮೂರು ದಿನದಿಂದ ಕೆಟ್ಟು ನಿಂತಿದೆ. ನಾಳೆ ಡಯಾಲಿಸಿಸ್. ಹದಿನೇಳನೇ ಮಹಡಿಯಿಂದ ನನ್ನ ಮುದುಕನ್ನ ಯಾರು ಇಳಿಸ್ತಾರೆ, ನಿನ್ನ ರಾಜೀನಾಮೆನಾ?"

"ವಸತಿ ಇಲಾಖೆಗೆ ಫೋನ್ ಮಾಡಿ."

"ಮಾಡ್ದೆ. ಒಂದು ಒತ್ತಿ, ಎರಡು ಒತ್ತಿ ಅಂದ್ರು. ಆಮೇಲೆ ಹಾಡು ಹಾಕಿದ್ರು."

ಹೋಯ್-ಕಿಗೆ ನಗು ಬರಲಿಲ್ಲ. ಬ್ಯಾನರ್ ಕಟ್ಟಿದ್ದ ಕಂಬಿಗೇ ಒರಗಿ ಮಲಗಿಬಿಡೋಣ ಅನ್ನಿಸಿತು. ಕೊನೆಯ ಹುರಿಯನ್ನೂ ಕತ್ತರಿಸಿ, ತನ್ನ ಮುಖವನ್ನು ಒಳಮಡಿಕೆ ಮಾಡಿ ಬ್ಯಾನರನ್ನು ಸುತ್ತಿದಳು.

"ಅಜ್ಜ ಎಷ್ಟು ತೂಕ ಇದಾರೆ?" ಎಂದು ಕೇಳಿದಳು.