ಎದುರು ಕಿಟಕಿಯ ಲೆನ್ಸ್

ಲೆನ್ಸ್ ಇವತ್ತೂ ಅಲ್ಲೇ ಇತ್ತು. ರಸ್ತೆಯಾಚೆಯ ಎರಡನೇ ಮಹಡಿ, ಕಿಟಕಿಯ ಕಟ್ಟೆ, ಗೇಣುದ್ದದ ಕಪ್ಪು ಕೊಳವೆ. ಅದರ ಬಾಯಿ ನೇರ ಟೀಸಿಯವರ ನಡುಮನೆಯ ಕಡೆಗಿತ್ತು.

"ಅಪ್ಪ, ಅದನ್ನೇ ನೋಡ್ತಾ ಕೂತ್ರೆ ಕಾಫಿ ಆರೋಗುತ್ತೆ," ಎಂದಳು ಮಗಳು.

"ನಾನು ಅದನ್ನ ನೋಡ್ತಿಲ್ಲ. ಅದು ನನ್ನನ್ನ ನೋಡ್ತಿದೆ."

ಮಗಳು ನಕ್ಕಳು. ಟೀಸಿಯವರಿಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದ ಮನುಷ್ಯ ಅವರು. ಸುಳ್ಳು ನಿದ್ದೆ ಮಾಡುವವರನ್ನೂ ಸುಳ್ಳು ಕಿವುಡರನ್ನೂ ಮುಖ ನೋಡಿಯೇ ಹಿಡಿದವರು. ಅಂಥವರ ಕಣ್ಣಿಗೆ ನಿನ್ನೆ ಮೊನ್ನೆ ಬಂದ ಬಾಡಿಗೆದಾರ ಮಣ್ಣೆರಚುವುದುಂಟೆ? ಕನ್ನಡಕದ ಆ ಸಣಕಲ ಬೆಳಗಾದರೆ ಲೆನ್ಸ್ ತಂದಿಡುತ್ತಾನೆ. ಆಗಾಗ ಬಂದು ಅದನ್ನು ಚೂರು ಹೊರಳಿಸುತ್ತಾನೆ. ಸಂಜೆಗೆ ಎತ್ತಿಕೊಂಡು ಹೋಗುತ್ತಾನೆ. ಕಳ್ಳಗಣ್ಣಲ್ಲದೆ ಮತ್ತೇನು?

"ಪರದೆ ಎಳಿ."

"ಗಾಳಿ ಬೆಳಕು ಬೇಕು ಅಂತ ಡಾಕ್ಟ್ರು ಹೇಳಿಲ್ವಾ?" ಅವಳು ಅವರ ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಮಾಡಿದಳು. ಅವಳು ಹೋದ ಮೇಲೆ ಪರದೆ ಎಳೆಯುವಂತೆಯೂ ಇರಲಿಲ್ಲ.

ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ಮದುವೆಯಾಗಬೇಕಿದ್ದ ಹುಡುಗ, ದೂರದ ಊರಿನಲ್ಲಿದ್ದಾನೆ. "ಅಪ್ಪನ್ನ ಹೀಗೆ ಬಿಟ್ಟು ಹೇಗ್ ಬರ್ಲಿ ಹೇಳಿ? ಇನ್ನೊಂದಷ್ಟು ದಿನ ನೋಡೋಣ." ಮದುವೆ ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಟೀಸಿಯವರು ಕೇಳಿಸದವರಂತೆ ಕಾಫಿ ಹೀರಿದರು. ಹೆಂಡತಿ ತೀರಿಹೋದ ಮೇಲೆ ಅವರಿಗೆ ಉಳಿದವಳು ಇವಳೊಬ್ಬಳೇ. ಇವಳೂ ಹೋಗಿಬಿಟ್ಟರೆ ಮನೆಯಲ್ಲಿ ತಾವೊಬ್ಬರೇ. ಈಗ ಆ ಸಣಕಲ ಬೇರೆ. ಮಗಳನ್ನು ತಮ್ಮಿಂದ ದೂರ ಮಾಡಿಯೇ ತೀರುತ್ತಾನೆಂದು ಅವರಿಗೆ ಖಾತ್ರಿಯಾಗಿತ್ತು.

ಮಗಳು ಫೋನ್ ಇಟ್ಟು ಮತ್ತೆ ಲೆನ್ಸಿನ ಮಾತಿಗೆ ಬಂದಳು. "ಇಷ್ಟೊಂದು ತಲೆ ಕೆಡಿಸ್ಕೋಬೇಡ ಅಪ್ಪ. ಸಂಜೆ ನಾನೇ ಹೋಗಿ ಎದುರು ಮನೆಯವ್ರನ್ನ ಕೇಳ್ತೀನಿ."

"ಬೇಡ! ಅವನ ಹತ್ರ ನೀನು ಒಂದು ಮಾತೂ ಆಡಕೂಡದು. ಆ ಕಡೆ ತಲೆ ಹಾಕಿ ಕೂಡ ಮಲಗಬೇಡ!"

ಮಗಳು ಅವರ ಹೆಗಲು ಸವರಿದಳು. "ಆಯ್ತಪ್ಪ. ಫೋನ್ ಪಕ್ಕದಲ್ಲೇ ಇಟ್ಕೋ. ಎತ್ತಲಿಲ್ಲ ಅಂದ್ರೆ ಓಡಿ ಬಂದ್ಬಿಡ್ತೀನಿ ನೋಡು," ಎಂದು ಕೆಲಸಕ್ಕೆ ಹೊರಟಳು.

ಮೊದಲೆಲ್ಲ ಅವಳು ಹೋದ ಮೇಲಿನ ಹೊತ್ತು ಟೀಸಿಯವರಿಗೆ ಹಾಯೆನಿಸುತ್ತಿತ್ತು. ಲೆನ್ಸ್ ಬಂದಾಗಿನಿಂದ ಕೂತಲ್ಲೇ ಕಲ್ಲಾಗಿರಬೇಕು. ಸಾಕಾಗಿಹೋಗಿತ್ತು. ಮಗಳು ಬೇಡವೆಂದರೆ ಕೇಳುವವಳಲ್ಲ, ಸಂಜೆ ಹೋಗಿಯೇ ಹೋಗುತ್ತಾಳೆ. ಅದಕ್ಕೆ ಮೊದಲೇ ತಾವು ಅವನ ಬಾಯಿ ಮುಚ್ಚಿಸಬೇಕು. ಬೀದಿ ಖಾಲಿಯಾಗುವ ತನಕ ಕಾದರು. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಹಿತ್ತಿಲ ಬಾಗಿಲಿನಿಂದ ನುಸುಳಿದರು. ಅವಸರದಲ್ಲಿ ಫೋನ್ ಮನೆಯಲ್ಲೇ ಉಳಿಯಿತು. ಸಿಟ್ಟಿನ ಭರಕ್ಕೆ ಎರಡು ಮಹಡಿ ಹತ್ತಿದ್ದೇ ಗೊತ್ತಾಗಲಿಲ್ಲ.

"ಎದುರು ಮನೆಯವನು ನಾನು. ಏನೇನು ಫೋಟೊ ತೆಗ್ದಿದೀಯ? ಎಲ್ಲಾ ಅಳಿಸು! ನನ್ನ ಮಗಳಿಗೇನಾದ್ರೂ ತೋರಿಸಿದ್ಯಾ?"

ಸಣಕಲ ಕಣ್ಣು ಕಣ್ಣು ಬಿಟ್ಟ. "ಯಾವ ಫೋಟೊ ಸಾರ್? ಮೊದ್ಲು ಒಳಗ್ ಬನ್ನಿ."

ಕಿಟಕಿಯ ಬಳಿ ಕರೆದೊಯ್ದು ಲೆನ್ಸನ್ನು ತಿರುಗಿಸಿ ತೋರಿಸಿದ. ಅದರ ಹಿಂದೆ ಕ್ಯಾಮೆರಾವೇ ಇರಲಿಲ್ಲ. ಊಟ ಸುತ್ತುವ ಬೆಳ್ಳಿ ಹಾಳೆಯೊಂದನ್ನು ಹಿಂಬದಿಗೆ ಅಂಟಿಸಿದ್ದ.

"ನನಗಿಂತ ವಯಸ್ಸಾದ ಲೆನ್ಸ್ ಸಾರ್ ಇದು. ಈ ಥರದವುಗಳ ಗಾಜು ಬರ್ತಾ ಬರ್ತಾ ಹಳದಿ ಆಗುತ್ತೆ. ಕೆಲವು ವಾರ ಬಿಸಿಲು ಕಾಯಿಸಿದ್ರೆ ತಿಳಿಯಾಗುತ್ತೆ. ಬಿಸಿಲು ಬರೋದು ನಿಮ್ಮನೆ ಕಡೆಯಿಂದ, ನಾನೇನ್ ಮಾಡ್ಲಿ?"

ಟೀಸಿಯವರಿಗೆ ಹೋದ ಜೀವ ಬಂದಂತಾಯಿತು. ಯಾರೂ ಏನೂ ನೋಡಿರಲಿಲ್ಲ. ಖುಷಿಗೆ ಅವನ ಬೆನ್ನು ತಟ್ಟಿದರು, ಒಂದು ಲೋಟ ನೀರು ಕೇಳಿ ಕುಡಿದರು, ಟೋಪಿ ತೆಗೆದು ಗಾಳಿ ಬೀಸಿಕೊಂಡರು. ಕೇಳುವವರು ಸಿಕ್ಕರೆಂದು ಅವನಿಗೂ ಹುರುಪು ಬಂತು. ಕಪಾಟಿನಲ್ಲಿದ್ದ ಲೆನ್ಸುಗಳನ್ನೆಲ್ಲ ಒಂದೊಂದಾಗಿ ತೋರಿಸಿದ. ಕೊನೆಗೆ ಹೊಸ ಮಿರರ್‌ಲೆಸ್ ಕ್ಯಾಮೆರಾ ಹೊರಬಂತು.

"ಹಳೇ ಲೆನ್ಸು ಇದಕ್ಕೆ ನೇರ ಕೂರಲ್ಲ. ನಡುವೆ ಈ ಅಡಾಪ್ಟರ್ ಬೇಕು, ಮದುವೆ ದಲ್ಲಾಳಿ ಇದ್ದ ಹಾಗೆ." ಉಂಗುರದಂಥದ್ದೊಂದನ್ನು ತಿರುಪಿ, ಬಿಸಿಲು ಕಾಯುತ್ತಿದ್ದ ಲೆನ್ಸನ್ನೇ ಬೆಳ್ಳಿ ಹಾಳೆ ಕಿತ್ತು ಕೂರಿಸಿ ಅವರ ಕೈಗಿತ್ತ. "ಫೋಕಸ್ ಕೈಯಲ್ಲೇ ಮಾಡ್ಬೇಕು ಸಾರ್. ಯಾವುದು ಸ್ಪಷ್ಟ ಆಗುತ್ತೋ ಅದರ ಅಂಚು ಕೆಂಪಾಗುತ್ತೆ. ನಿಮ್ಮನೇನೇ ನೋಡಿ."

ಟೀಸಿಯವರು ಮಗುವಿನಂತೆ ನಗುತ್ತ ಕಣ್ಣಿಟ್ಟರು. ಮೊದಲು ಎಲ್ಲ ಮಸುಕು. ಲೆನ್ಸಿನ ಮೇಲಿನ ಉಂಗುರ ತಿರುಗಿಸಿದಂತೆ ಕಿಟಕಿಯ ಸರಳುಗಳು ಕೆಂಪಾದವು.

"ಇನ್ನೂ ಚೂರು ತಿರುಗ್ಸಿ. ಮನೆಯೊಳಗೂ ಕಾಣುತ್ತೆ."

ತಿರುಗಿಸಿದರು.

ನಡುಮನೆಯಲ್ಲಿ ಖಾಲಿ ಗಾಲಿಕುರ್ಚಿಯ ಹಿಡಿಗಳನ್ನು ಅವುಚಿ ಹಿಡಿದುಕೊಂಡು, ಎರಡು ವರ್ಷದಿಂದ ಕಾಲೆರಡೂ ಬಿದ್ದುಹೋಗಿರುವ ಅಪ್ಪನನ್ನು ಯಾರು ಎತ್ತಿಕೊಂಡು ಹೋದರೆಂದು ತಿಳಿಯದೆ, ಮಗಳು ಗೊಳೋ ಎಂದು ಅಳುತ್ತಿದ್ದಳು.