ಕೈಗೆಟುಕದ ಬೆನ್ನು

ಹೆಗಲ ಮೂಳೆಗಳ ನಡುವಿನ ಒಂದು ಬಿಂದುವನ್ನು, ಚೀನೀ ವೈದ್ಯದ ಪ್ರಕಾರ, ಒತ್ತಿದರೆ ಕೆಮ್ಮು ಇಳಿಯುತ್ತದಂತೆ. ಆದರೆ ಅದು ಸ್ವಂತ ಕೈಗೆ ಎಟುಕುವುದಿಲ್ಲ. ಹಾಗಾಗಿ ಆಕ್ಯುಪ್ರೆಶರ್ ಶಿಬಿರದಲ್ಲಿ ಜೋಡಿ ಜೋಡಿಯಾಗಿ ಕೂತು ಒಬ್ಬರ ಬೆನ್ನನ್ನು ಇನ್ನೊಬ್ಬರು ಒತ್ತಬೇಕು.

ಎರಡನೆಯ ದಿನ ಗುರುಗಳು ಅದೇಕೋ ಜೋಡಿ ಬದಲಿಸಿ, ವಿಶಾಲಾಕ್ಷಮ್ಮನಿಗೆ ತಾಯಮ್ಮನ ಬೆನ್ನು ಕೊಟ್ಟರು. ಹರಳೆಣ್ಣೆ, ಬೆವರು, ಒಡೆದ ಗುಳ್ಳೆಗಳು. ಹೆಬ್ಬೆರಳು ಜಾರಿದಾಗಲೆಲ್ಲ ವಿಶಾಲಾಕ್ಷಮ್ಮ ಮುಖ ತಿರುಗಿಸಿ ಅದನ್ನು ಕರವಸ್ತ್ರಕ್ಕೆ ಒರೆಸುತ್ತಿದ್ದರು.

ನಾಲ್ಕನೆಯ ದಿನ ಅವರು ಗುರುಗಳ ಬಳಿ ಹೋದರು. "ಕೆಮ್ಮೇನೋ ಇಳೀತಾ ಇದೆ ಸಾರ್. ಆದ್ರೆ ಈ ಕೈಲಿ ಅನ್ನ ಕಲೆಸೋಕಾಗ್ತಿಲ್ಲ. ಬೇರೆ ಯಾರನ್ನಾದ್ರೂ ಕೊಡಿ," ಎಂದರು, ಮೂರು ಸಲ ಸೋಪು ಹಚ್ಚಿದ ಕೈಯನ್ನು ಮೂಸುತ್ತಾ.

ಗುರುಗಳು ದನಿ ತಗ್ಗಿಸಿದರು. "ಎಲ್ಲರನ್ನೂ ಕೇಳಿ ಆಯ್ತಮ್ಮ. ನಿಮ್ಮ ಬೆನ್ನು ಮುಟ್ಟೋಕೆ ಒಪ್ಪಿದ್ದು ತಾಯಮ್ಮ ಒಬ್ರೇ."