ಉಪ್ಪಿನ ತಟ್ಟೆ

“ಎದೆಯ ಮೇಲೆ ಉಪ್ಪಿನ ತಟ್ಟೆ ಯಾಕಿಟ್ಟಿಲ್ಲ?”

ಪಕ್ಕದ ಮನೆಯ ಮುದುಕಿ ಮಿಸೆಸ್ ಪಿರೀ ಬಾಗಿಲು ತಟ್ಟದೆಯೇ ಒಳಗೆ ಬಂದಿದ್ದಳು. ಮೋರಾಗ್ ಥಟ್ಟನೆ ಎದ್ದು ಮಂಚಕ್ಕೂ ಮುದುಕಿಗೂ ನಡುವೆ ನಿಂತಳು.

“ಇಟ್ಟಿದ್ದೀನಲ್ಲ, ಕಿಟಕಿ ಹತ್ರ.”

“ಕಿಟಕಿ ಸತ್ತಿದೆಯೇನೇ ಹುಡುಗಿ? ಹೆಣದ ಎದೆ ಮೇಲಿಡಬೇಕು. ಇದೇನಿದು, ಹೆಣದ ಕೋಣೆಯಲ್ಲಿ ಬೆಂಕಿ ಬೇರೆ ಹಾಕಿದ್ದೀಯ?”

“ಚಳಿ ತಡೆಯೋಕಾಗಲಿಲ್ಲ.”

“ಅವನಿಗೇನು ಚಳಿ ಈಗ!”

ಹೊರಗೆ ಫೆಬ್ರವರಿಯ ಮಂಜು ಬಂದರನ್ನು ನುಂಗಿತ್ತು. ದೋಣಿಗಳು ಕಟ್ಟಿದ ಕಡೆಯೇ ನಿಂತಿದ್ದವು. ಸಾವಿನ ಸುದ್ದಿ ಹೊರಬಿದ್ದದ್ದು ನಿನ್ನೆ ಸಂಜೆ. ಗಂಟಲಿನ ಅಂಟುಬೇನೆ, ಇವತ್ತೇ ಮಣ್ಣಾಗಬೇಕು ಎಂದು ಡಾಕ್ಟರ್ ಟುಲ್ಲೋಕ್ ಅಪ್ಪಣೆ ಮಾಡಿದ್ದರು. ಊರು ಬೇನೆಗೆ ಹೆದರಿ ಬೀದಿಯಲ್ಲೇ ನಿಂತಿತ್ತು, ಮಿಸೆಸ್ ಪಿರೀಯೊಬ್ಬಳನ್ನು ಬಿಟ್ಟು. ಪೆಟ್ಟಿಗೆಯ ಮುಚ್ಚಳ ಬೀಳುವ ತನಕ ಯಾರೂ ಗಂಡ ಹೆಕ್ಟರನನ್ನು ಮುಟ್ಟಬಾರದು. ಮೋರಾಗ್‌ಳಿಗೆ ಬೇಕಿದ್ದದ್ದು ಇಷ್ಟೇ.

ಮುದುಕಿ ಮಂಚದತ್ತ ಕತ್ತು ಚಾಚಿದಳು. ಹೆಕ್ಟರ್ ಲೋರಿಮರ್ ಗಲ್ಲದವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಮುಖ ಸುಣ್ಣದ ಗೋಡೆಯಂತಿತ್ತು.

“ನನ್ನನ್ನ ಮೀನಿನ ಬುಟ್ಟಿಯಲ್ಲಿ ಹೆಣ ಬಚ್ಚಿಡೋಳು ಅಂತ ಬರೆದನಲ್ಲ, ಮಹಾರಾಯ. ಲಂಡನ್ನಿನೋರು ಬಂದು ನನ್ನ ಬುಟ್ಟಿ ಫೋಟೋ ತೆಗೆದ್ರು! ತಾನು ಸತ್ತಾಗ ಈ ಊರು ಏನನ್ನುತ್ತೋ ಕಿವಿಯಾರೆ ಕೇಳಬೇಕು ಅಂತಿದ್ದ. ಕೇಳೋ ಈಗ. ನಿನ್ನ ಪುಸ್ತಕ ಹರಿದು ನಾವು ಒಲೆ ಹಚ್ಚುತ್ತಿದ್ವಿ!”

ಮೋರಾಗ್ ಹೆಕ್ಟರನ ರೆಪ್ಪೆಗಳನ್ನೇ ನೋಡುತ್ತಿದ್ದಳು.

ಊರನ್ನು ಲೇವಡಿ ಮಾಡಿ, ನಡುವೆ ಒಂದೆರಡು ಕೊಲೆ ಸೇರಿಸಿ ಬರೆಯುವುದು ಹೆಕ್ಟರನ ಕಸುಬು. ಪಾದ್ರಿಯನ್ನು ಬಿಟ್ಟಿರಲಿಲ್ಲ, ಬಡಗಿಯನ್ನು ಬಿಟ್ಟಿರಲಿಲ್ಲ. ಅವರೆಲ್ಲ ಬೈದು ಸುಮ್ಮನಾದರು. ಮೋರಾಗ್‌ಳ ತಂಗಿ ಕಿರ್ಸ್ಟಿಗೆ ಬೈಯಲು ಬರುತ್ತಿರಲಿಲ್ಲ. ಬಾರದ ನಾವಿಕನೊಬ್ಬನಿಗಾಗಿ ಕಾದ ಕಥೆಯನ್ನು ಅವಳು ಭಾವನೆಂಬ ನಂಬಿಕೆಯಿಂದ ಹೆಕ್ಟರನಿಗೆ ಹೇಳಿಕೊಂಡಿದ್ದಳು. ಮುಂದಿನ ಪುಸ್ತಕದಲ್ಲಿ, ಭಾನುವಾರ ಚರ್ಚಿಗೆ ಹಾಕುವ ಹ್ಯಾಟು ತೊಟ್ಟು ದಿನಾ ಸಂಜೆ ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಲ್ಲುವ ಹುಚ್ಚಿಯೊಬ್ಬಳು ಬಂದಳು. ಕಿರ್ಸ್ಟಿ ಬೀದಿಗೆ ಬಂದರೆ ಗಂಡಸರು ಟೋಪಿ ಬೀಸಿ ನಗತೊಡಗಿದರು. ಒಂದು ಮುಂಜಾನೆ ಅವಳು ಬಂದರಿನ ನೀರಿಗಿಳಿದಳು. ಅವಳ ಹೆಣವನ್ನು ನೀರಿನಿಂದ ಎತ್ತಿ ತಂದವರು, ಅವಳನ್ನು ಮದುವೆಯ ಮಾತು ಕೇಳಲು ವರ್ಷಗಟ್ಟಲೆ ಧೈರ್ಯ ಸಾಲದೆ ಹೋಗಿದ್ದ ಡಾಕ್ಟರ್ ಟುಲ್ಲೋಕ್.

“ಪಾತ್ರ ಒಳ್ಳೆಯದಿತ್ತು,” ಎಂದಿದ್ದ ಹೆಕ್ಟರ್, ಅಂದು ಊಟಕ್ಕೆ ಕೂತಾಗ.

“ಬೆಳಗ್ಗೆ ಇಬ್ಬರು ಉಂಡ್ರೇನೇ?” ಮಿಸೆಸ್ ಪಿರೀಯ ಕಣ್ಣು ಈಗ ಅಡುಗೆಮನೆಯತ್ತ ಹೊರಳಿತ್ತು. “ಎರಡು ಗಂಜಿ ಬಟ್ಟಲು ಕಾಣ್ತಿವೆ.”

“ಅಭ್ಯಾಸ. ಕೈ ತಾನಾಗಿ ಎರಡು ತೆಗೀತು.”

“ಅಳು ಮಾತ್ರ ತಾನಾಗಿ ಬರಲಿಲ್ಲ, ಅಲ್ವಾ?” ಮುದುಕಿ ದನಿ ತಗ್ಗಿಸಿದಳು. “ಹಣೆ ಮುಟ್ಟು, ಮೋರಾಗ್. ಮುಟ್ಟಿದವರ ಕನಸಿಗೆ ಸತ್ತವರು ಬರೋದಿಲ್ಲ. ಆದ್ರೆ ಕೊಂದವರು ಮುಟ್ಟಿದ್ರೆ ಹೆಣದಿಂದ ರಕ್ತ ಬರುತ್ತೆ. ಗೊತ್ತಲ್ಲ? ನೀನು ಮುಟ್ಟದಿದ್ರೆ ನಾನು ಮುಟ್ತೀನಿ.”

ಸುಕ್ಕುಗಟ್ಟಿದ ಕೈ ಮುಂದೆ ಬಂತು. ಬಾಗಿಲಿನಿಂದ ಇನ್ನೊಂದು ಕೈ ಬಂದು ಅದನ್ನು ತಡೆಯಿತು.

“ಬೇನೆ ಅಂಟುತ್ತಮ್ಮ,” ಎಂದರು ಡಾಕ್ಟರ್ ಟುಲ್ಲೋಕ್.

“ಈ ವಯಸ್ಸಲ್ಲಿ ನನಗೇನು ಅಂಟೋದು? ಸರಿ, ಅವಳೇ ಮುಟ್ಟಲಿ. ಹೆಂಡತಿಗೇನು ಭಯ?”

ಮೋರಾಗ್ ಡಾಕ್ಟರನ್ನು ನೋಡಿದಳು. ಆಮೇಲೆ ಬಾಗಿ ಎರಡು ಬೆರಳನ್ನು ಗಂಡನ ಹಣೆಗೆ ಇಟ್ಟಳು. ರಕ್ತ ಬರಲಿಲ್ಲ. ಮಿಸೆಸ್ ಪಿರೀಗೆ ಸ್ವಲ್ಪ ನಿರಾಸೆಯೇ ಆದಂತಿತ್ತು.

“ಬೆರಳಿಗೆ ಅದೇನೇ ಬಿಳಿ?”

“ಹಿಟ್ಟು. ಬಂದವರಿಗೆ ರೊಟ್ಟಿ ಬೇಯಿಸ್ತಿದ್ದೆ,” ಎಂದು ಮೋರಾಗ್ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

ಬಡಗಿ ಡೇವಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪೆಟ್ಟಿಗೆ ತಂದ. ಹೊದಿಸಿದ ಬಟ್ಟೆಯ ಸಮೇತ ಎತ್ತಿ ಒಳಗಿಟ್ಟದ್ದು ಡಾಕ್ಟರೂ ಮೋರಾಗೂ. ಪಾದ್ರಿಗಳ ಪ್ರಾರ್ಥನೆ ಮುಗಿಯಲಿ, ಆಮೇಲೆ ಮುಚ್ಚುತ್ತೇನೆ, ಅದೇ ಪದ್ಧತಿ ಎಂದ ಡೇವಿ.

“ಈಗಲೇ ಮುಚ್ಚಿ. ದೇವರಿಗೆ ಮುಚ್ಚಳದ ಮೇಲಿಂದಲೂ ಕೇಳಿಸುತ್ತೆ,” ಎಂದಳು ಮೋರಾಗ್.

ಡೇವಿ ಒಂದೊಂದೇ ತಿರುಪು ಬಿಗಿದ. ಅವನ ಕೈ ನಿಧಾನ. ಮೋರಾಗ್ ಒಂದೊಂದನ್ನೂ ಎಣಿಸಿದಳು. ಪಾದ್ರಿ ಹೊಸ್ತಿಲಾಚೆಯೇ ನಿಂತು ಚುಟುಕಾಗಿ ಪ್ರಾರ್ಥಿಸಿದರು.

ಗಂಡಸರು ಪೆಟ್ಟಿಗೆ ಹೊತ್ತು ಗುಡ್ಡದ ಸ್ಮಶಾನಕ್ಕೆ ಹೊರಟರು. ಹೆಂಗಸರು ಗೋರಿಯ ತನಕ ಹೋಗುವ ವಾಡಿಕೆ ಇಲ್ಲ. ಮೋರಾಗ್ ಕಿಟಕಿಯಲ್ಲಿ ನಿಂತು, ಕಪ್ಪು ಕೋಟುಗಳು ಮಂಜಿನಲ್ಲಿ ಕರಗುವ ತನಕ ನೋಡಿದಳು. ಮಿಸೆಸ್ ಪಿರೀ ಬೆಣ್ಣೆ ಬಿಸ್ಕತ್ತು ತಿನ್ನುತ್ತ, ಹೆಣಕ್ಕೆ ಇನ್ನೂ ನಾಲ್ಕು ಮಾತು ಅನ್ನಬೇಕಿತ್ತೆಂದು ಕೊರಗಿದಳು. ಆಮೇಲೆ ಕುರ್ಚಿಯಲ್ಲೇ ತೂಕಡಿಸಿದಳು.

ಡಾಕ್ಟರ್ ಎಲ್ಲರಿಗಿಂತ ಮೊದಲು ಮರಳಿದರು. ಬೂಟಿನ ತುಂಬ ಮಣ್ಣು.

“ತಲೆಯ ಕಡೆ ಹಗ್ಗ ನಾನೇ ಹಿಡಿದು ಇಳಿಸಿದೆ,” ಎಂದರು. “ಮಣ್ಣು ಪೂರ್ತಿ ಮುಚ್ಚಿ ಆಯ್ತು.”

ಮೋರಾಗ್ ಅವರಿಗೆ ವಿಸ್ಕಿ ಸುರಿದು ಕೊಟ್ಟಳು. ಸಾವಿನ ಮನೆಯ ಪದ್ಧತಿಯಂತೆ ನಿನ್ನೆ ನಿಲ್ಲಿಸಿದ್ದ ಗೋಡೆ ಗಡಿಯಾರದ ಲೋಲಕವನ್ನು ಬೆರಳಿನಿಂದ ತಳ್ಳಿದಳು. ಅದು ನಡೆಯತೊಡಗಿತು.

“ಡೇವಿ ಮುಚ್ಚೋಕೆ ಅಂತ ಮುಚ್ಚಳ ಎತ್ತಿದ ಕೂಡಲೇ ಎದ್ದು ಕೂತು ಎಲ್ಲರನ್ನೂ ಬೆಚ್ಚಿಬೀಳಿಸ್ತೀನಿ, ಹೊಸ ಪುಸ್ತಕ ಅಲ್ಲಿಂದಲೇ ಶುರು ಅಂತಿದ್ದರು ಹೆಕ್ಟರ್,” ಎಂದಳು, ಗಡಿಯಾರವನ್ನೇ ನೋಡುತ್ತ. “ಬೆಳಗ್ಗೆ ಕನ್ನಡಿ ಮುಂದೆ ಕೂತು ಎಷ್ಟು ಖುಷಿಯಿಂದ ಮುಖಕ್ಕೆ ಹಿಟ್ಟು ಬಳಿಸಿಕೊಂಡ್ರು ಗೊತ್ತಾ.”

“ಗಂಜಿಗೆ ನೀನು ಬೆರೆಸಿದ ಮದ್ದಿನ ಅಮಲು ಇಷ್ಟು ಹೊತ್ತಿಗೆ ಇಳಿದಿರುತ್ತೆ,” ಎಂದರು ಡಾಕ್ಟರ್. “ಈಗ ಎದ್ದಿರ್ತಾನೆ.”